ಒಳಗಿನಿಂದ ತೆರೆಯುವ ಬಾಗಿಲು

ಮೇ ತಿಂಗಳು ಬಂತೆಂದರೆ ಉಡುಪಿ ಹತ್ತಿರದ ಕಟಪಾಡಿಯ ಆಚೀಚೆ ಮಲ್ಲಿಗೆ ಬೆಳೆಯುವ ನಮಗೆ ನಿದ್ದೆಯೂ ಮಲ್ಲಿಗೆಯದ್ದೇ, ಎಚ್ಚರವೂ ಮಲ್ಲಿಗೆಯದ್ದೇ. ಬಿಸಿಲು ಏರುವ ಮೊದಲು ಮೊಗ್ಗು ಕೊಯ್ಯಬೇಕು. ಆಮೇಲೆ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಬಾಳೆನಾರು ಹಿಡಿದು, ಕಟ್ಟುತ್ತಾ ಹೋಗಬೇಕು. ಕಣ್ಣು ಅರ್ಧ ಮುಚ್ಚಿದರೂ ಬೆರಳು ನಿಲ್ಲುವುದಿಲ್ಲ. ಆ ಪರಿಮಳದ ನಡುವೆ ಮಾತಾಡುತ್ತಿರುವುದು ನಾವೋ, ಕನಸಿನಲ್ಲಿ ಯಾರೋ ಎಂಬುದು ನನಗೆ ಎಷ್ಟೋ ಸಲ ಗೊತ್ತಾಗುವುದಿಲ್ಲ.

ಈ ಚಂದವೆಲ್ಲ ಮಧ್ಯಾಹ್ನದವರೆಗೆ ಮಾತ್ರ. ಹೂ ಹೆಚ್ಚು ಬಂದ ದಿನ, ಮದುವೆ ಮುಂಜಿ ಇಲ್ಲದ ದಿನ, ನಮ್ಮ ಹೂವನ್ನು ಕೇಳುವವರು ಯಾರು? ಸೆಕೆಗೆ ಮೊಗ್ಗು ಬಾಯಿ ಬಿಡುತ್ತದೆ, ಸಂಜೆಗೆ ಕಂದುತ್ತದೆ, ಮರುದಿನ ತೆಂಗಿನ ಬುಡಕ್ಕೆ ಹೋಗುತ್ತದೆ. ಹೆಂಗಸರ ಕೈಯ ದುಡಿಮೆ ಹಾಗೆ ಬುಡಕ್ಕೆ ಬೀಳುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ, ಈಗಲೂ.

ಎರಡು ಸಾವಿರದ ನಾಲ್ಕನೇ ಇಸವಿಯ ಮಾತಿದು. ನಮ್ಮ ಪಕ್ಕದ ಮನೆಯ ಕುಶಲಾ ಸುತ್ತಲಿನ ಮನೆಗಳ ಹೂವನ್ನೆಲ್ಲ ತೆಗೆದುಕೊಂಡು ಉಡುಪಿ, ಮಣಿಪಾಲ, ಕಾರ್ಕಳದ ಅಂಗಡಿಗಳಿಗೆ ಕಳುಹಿಸುತ್ತಿದ್ದಳು. ನಾನೂ ಅವಳ ಜಗಲಿಯಲ್ಲಿ ಹೂ ಕಟ್ಟುವವಳೇ. ಒಂದು ಬೆಳಿಗ್ಗೆ ಅವಳು ನಾರು ಸೀಳುತ್ತಾ ಹೇಳಿದಳು:

“ಅಕ್ಕಾ, ನಿನ್ನೆ ಒಂದು ಕನಸು ಬಿತ್ತು. ಒಂದು ಬಿಳಿ ಕೋಣೆ. ಒಳಗೆ ಮಂಜು. ನಾವು ಕಟ್ಟಿದ ಹೂವೆಲ್ಲ ಸಾಲಾಗಿ ಮಲಗಿದ್ದವು. ಒಂದೂ ಕಣ್ಣು ಬಿಟ್ಟಿರಲಿಲ್ಲ.”

“ಅದು ಕನಸಲ್ಲ ಮಾರಾಯ್ತಿ, ಕೋಲ್ಡ್ ರೂಮು,” ಎಂದೆ ನಾನು. ಕಾಪುವಿನ ರೋಸಿಯ ಐಸ್‌ಕ್ರೀಮ್ ಅಂಗಡಿಯ ಹಿಂದೆ ಅಂಥದ್ದೊಂದನ್ನು ನೋಡಿದ್ದೆ. ಫ್ರಿಜ್ಜಿನ ಹಾಗೆಯೇ, ಆದರೆ ಮನುಷ್ಯರು ನಡೆದುಕೊಂಡು ಒಳಗೆ ಹೋಗುವಷ್ಟು ದೊಡ್ಡದು.

ಕುಶಲಾಳ ಮನಸ್ಸಿನಿಂದ ಆ ಕೋಣೆ ಹೋಗಲೇ ಇಲ್ಲ. ಗಂಡ ಶೇಖರನಿಗೆ ಹೇಳಿದಳು. ಶೇಖರ ಬಹ್ರೇನಿನಿಂದ ಬಂದವನು. ಒಳ್ಳೆಯವನೇ, ಆದರೆ ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಇಲ್ಲ ಎಂಬ ಜಾತಿ.

“ನಾನು ಎಂಟು ವರ್ಷ ಕೋಲ್ಡ್ ಸ್ಟೋರಿನಲ್ಲೇ ಇದ್ದವ. ನನಗೆ ಹೇಳ್ಲಿಕ್ಕೆ ಬರ್ಬೇಡ. ದೊಡ್ಡ ಕೋಣೆ ಮಾಡಿಸುವ, ಹಿಮ ಬೀಳುವಷ್ಟು ತಂಪು ಮಾಡುವ. ಹೂ ಕಡಿಮೆ ಇದ್ದಾಗ ಮೀನಿನವರಿಗೂ ಮಾವಿನಹಣ್ಣಿನವರಿಗೂ ಬಾಡಿಗೆಗೆ ಕೊಡುವ.”

ಬಹ್ರೇನಿನಲ್ಲಿ ಕಿರಾಣಿ ಅಂಗಡಿಗೇ ಕೋಲ್ಡ್ ಸ್ಟೋರ್ ಎನ್ನುತ್ತಾರಂತೆ. ಶೇಖರ ಸುಳ್ಳು ಹೇಳಿದ್ದಲ್ಲ. ಎಂಟು ವರ್ಷ ಅಲ್ಲಿ ಬೇಳೆ ತೂಗಿದ್ದ, ಅಷ್ಟೇ.

ಕುಶಲಾ ಸುಮ್ಮನೆ ರೋಸಿಯನ್ನು ಮನೆಗೆ ಕರೆದಳು. ರೋಸಿ ಅವಳ ಶಾಲೆಯ ಗೆಳತಿ. ಚಾ ಕುಡಿಯುತ್ತಾ ಶೇಖರನ ಮಾತನ್ನೆಲ್ಲ ಕೇಳಿದಳು. ಆಮೇಲೆ ನಕ್ಕಳು.

“ಶೇಖರಣ್ಣ, ರವಿಕೆ ಹೊಲಿಸುವಾಗ ಅಳತೆ ಕೊಡ್ತೇವೆ ಅಲ್ವಾ? ಪಕ್ಕದ ಮನೆಯವಳ ರವಿಕೆ ನಮಗೆ ಆಗ್ತದಾ? ಈ ಕೋಣೆಯೂ ಹಾಗೆಯೇ. ನನ್ನದು ಐಸ್‌ಕ್ರೀಮಿಗೆ ಹೊಲಿಸಿದ್ದು. ನಿಮಗೆ ಮಲ್ಲಿಗೆಗೆ ಹೊಲಿಸಿದ್ದು ಬೇಕು.”

“ತಂಪಿನಲ್ಲಿ ಎಂತ ವ್ಯತ್ಯಾಸ ಉಂಟು? ಹೆಚ್ಚು ತಂಪಾದಷ್ಟು ಒಳ್ಳೆಯದಲ್ವಾ?”

“ಹೌದಾ? ಹಾಗಾದ್ರೆ ಕಟ್ಟಿ ಸುತ್ತಿಟ್ಟ ಮಲ್ಲಿಗೆಯ ಒಂದು ಚೆಂಡು ಕೊಡಿ.”

ರೋಸಿ ಆ ಚೆಂಡನ್ನು ತನ್ನ ಐಸ್‌ಕ್ರೀಮ್ ಕೋಣೆಯಲ್ಲಿಟ್ಟು ಮರುದಿನ ತಂದು ಶೇಖರನ ಅಂಗೈಗೆ ಹಾಕಿದಳು. ಮೊದಲು ಗಾಜಿನ ಮಣಿಗಳಂತೆ ಚಂದ ಕಂಡಿತು. ನಾವೆಲ್ಲ ಬಾಗಿ ನೋಡುತ್ತಿದ್ದ ಹಾಗೆಯೇ ಕರಗಿ, ಕಂದು ಬಣ್ಣಕ್ಕೆ ತಿರುಗಿ, ಬೇಯಿಸಿದ ಬಸಳೆಯ ಹಾಗೆ ಮೆತ್ತಗಾಯಿತು. ಶೇಖರ ಕೈ ಒರೆಸಿಕೊಂಡ.

“ಹೂವಿಗೆ ಹೆಪ್ಪುಗಟ್ಟುವ ತಂಪು ಬೇಡ. ಹಾಲಿಡುವ ಫ್ರಿಜ್ಜಿನಷ್ಟು ಸಾಕು, ಒಳಗೆ ಸ್ವಲ್ಪ ತೇವ ಇರ್ಬೇಕು,” ಎಂದಳು ರೋಸಿ. “ಮೀನನ್ನು ಅದರ ಹತ್ತಿರ ಸೇರಿಸ್ಲೇ ಬಾರದು. ಬಂಗುಡೆ ವಾಸನೆಯ ಮಲ್ಲಿಗೆ ಯಾರು ಮುಡೀತಾರೆ? ಮಾವಿನಹಣ್ಣೂ ಬೇಡ. ಹಣ್ಣಾಗುವಾಗ ಅದು ಬಿಡುವ ಗಾಳಿಗೆ ಹೂ ಬೇಗ ಬಾಡ್ತದೆ. ದಿನಕ್ಕೆ ಎಷ್ಟು ಹೂ ಬರ್ತದೆ, ಎಷ್ಟು ಹೊತ್ತು ಇಡ್ತೀರಿ, ಎಷ್ಟು ಸಲ ಬಾಗಿಲು ತೆರೀತೀರಿ, ಮೊದಲು ಅದನ್ನು ನೋಡಿ. ಕೋಣೆಯ ಅಳತೆ ಆಮೇಲೆ.”

ಕಾಪುವಿನ ಮ್ಯಾಕ್ಸಿಮ್ ಇಂಥ ಕೋಣೆಗಳನ್ನು ಬೇಕಾದ ಹಾಗೆ ಮಾಡಿಕೊಡುವವನು. ಅವನನ್ನೇ ಕರೆಸಿದರು. ಮನೆಯ ಹಿಂದೆ ತಗಡಿನ ಮಾಡಿನ ಕೆಳಗೆ ಜಾಗ ಗುರುತಾಯಿತು. ಗಾಳಿ ಓಡಾಡುವಂತೆ ಗೋಡೆಯಿಂದ ಸ್ವಲ್ಪ ದೂರದಲ್ಲಿ ಕಪಾಟು, ಬುಟ್ಟಿಗಳ ಎತ್ತರಕ್ಕೆ ತಕ್ಕ ಅಂತರ, ಬಾಗಿಲು ತೆರೆದಾಗ ಸೆಕೆ ನುಗ್ಗದ ಹಾಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ, ಕರೆಂಟು ಹೋದರೆ ಜನರೇಟರು. ಎಲ್ಲದಕ್ಕೂ ಶೇಖರ ಹ್ಞೂಂ ಎಂದ. ಒಂದೇ ಒಂದಕ್ಕೆ ಉಹುಂ ಎಂದ.

“ಒಳಗಿನಿಂದ ತೆರೆಯುವ ಹಿಡಿ ಬೇಕೇ ಬೇಕು,” ಎಂದಿದ್ದಳು ರೋಸಿ. “ಹೊರಗೆ ಬೀಗ ಬಿದ್ದಿದ್ರೂ ಒಳಗಿದ್ದವರು ಒತ್ತಿದ್ರೆ ಬಾಗಿಲು ತೆರೀಬೇಕು. ಲೈಟಿನ ಸ್ವಿಚ್ಚು ಒಳಗೂ ಇರ್ಬೇಕು. ಅಡುಗೆಮನೆಗೆ ಕೇಳುವ ಹಾಗೆ ಒಂದು ಬೆಲ್ಲು.”

“ಅದಕ್ಕೆ ಬಾಗಿಲಿಗೆ ತೂತು ಕೊರೀಬೇಕು. ತಂಪೆಲ್ಲ ಹೊರಗೆ ಹೋಗ್ತದೆ.”

“ಹೋಗದ ಹಾಗೆ ಮಾಡಿಕೊಡ್ತೇನೆ ಶೇಖರಣ್ಣ,” ಎಂದ ಮ್ಯಾಕ್ಸಿಮ್.

“ಬೇಡ ಮಾರಾಯ. ಒಳಗೆ ಸಿಕ್ಕಿಬೀಳ್ಲಿಕ್ಕೆ ನಾವೆಂತ ಸಣ್ಣ ಮಕ್ಕಳಾ?”

ಶೇಖರನ ತಾಯಿ ವಾರಿಜಕ್ಕ ಮಗನ ಮಾತಿಗೆ ಮುದ್ರೆ ಒತ್ತಿದರು. “ಹೂವಿನ ಕೋಣೆ ಅಂದ್ರೆ ದೇವರ ಕೋಣೆ ಇದ್ದ ಹಾಗೆ. ಚಪ್ಪಲ್ ಹಾಕಿ ಒಳಗೆ ಹೋಗುವ ಕ್ರಮ ನಮ್ಮಲ್ಲಿ ಇಲ್ಲ. ಬಾಗಿಲಲ್ಲಿ ಚಪ್ಪಲ್ ಉಂಟು ಅಂದ್ರೆ ಒಳಗೆ ಜನ ಉಂಟು. ಚಪ್ಪಲ್ ಇಲ್ಲ ಅಂದ್ರೆ ಯಾರೂ ಇಲ್ಲ. ಅದಕ್ಕಿಂತ ದೊಡ್ಡ ಬೆಲ್ಲು ಎಂತಕ್ಕೆ ರೋಸಿ?”

ನಮಗೆಲ್ಲ ಆ ಮಾತು ಸರಿ ಎಂದೇ ಕಂಡಿತು. ನಮ್ಮ ಮನೆಗಳಲ್ಲಿ ಚಪ್ಪಲಿ ನೋಡಿಯೇ ಅಲ್ಲವೇ ನಾವು ಯಾರು ಬಂದಿದ್ದಾರೆ, ಯಾರು ಹೋಗಿದ್ದಾರೆ ಎಂದು ಹೇಳುವುದು? ರೋಸಿ ಮತ್ತೊಮ್ಮೆ ಹೇಳಿದಳು, ಯಾರೂ ಕೇಳಲಿಲ್ಲ. ಬಾಗಿಲಿಗೆ ಹೊರಗಿನ ಹಿಡಿ ಮಾತ್ರ ಬಂತು, ಒಳಗೆ ಸ್ವಿಚ್ಚೂ ಇಲ್ಲ, ಬೆಲ್ಲೂ ಇಲ್ಲ.

ಕೋಣೆ ಆಯಿತು. ಕುಶಲಾಳ ಸಂತೋಷ ನೋಡಬೇಕಿತ್ತು! ಬಾಗಿಲು ತೆರೆದರೆ ಬೆಳ್ಳಗಿನ ಹಬೆ ಕಾಲಿನ ಸುತ್ತ ಸುಳಿಯುತ್ತಿತ್ತು. ಒಳಗೆ ಬಾಳೆಲೆ ಸುತ್ತಿದ ಚೆಂಡುಗಳು ಸಾಲಾಗಿ ಮಲಗಿರುತ್ತಿದ್ದವು. ಹೊರಗೆ ಬೆಂಕಿಯಂಥ ಮೇ ತಿಂಗಳು, ಒಳಗೆ ಯಾವುದೋ ದೇಶದ ಬೆಳಗಿನ ಜಾವ. ನಾನು ಏನಾದರೂ ನೆಪ ಮಾಡಿ ಒಳಗೆ ಹೋಗಿ ನಿಲ್ಲುತ್ತಿದ್ದೆ. ತೆಂಗಿನ ಬುಡಕ್ಕೆ ಬೀಳುತ್ತಿದ್ದ ಹೂ ಕಾರ್ಕಳದ ಮದುಮಗಳ ಜಡೆ ಸೇರತೊಡಗಿತು. ಕುಶಲಾ ಒಳಗೆ ಹೋದಾಗೆಲ್ಲ ಹೊರಗಿನ ಮೆಟ್ಟಿಲಲ್ಲಿ ಅವಳ ನೀಲಿ ಪಟ್ಟಿಯ ಚಪ್ಪಲಿ ಜೊತೆಯಾಗಿ ಕಾಯುತ್ತಿತ್ತು.

ಮೇ ತಿಂಗಳ ಕೊನೆಗೆ ಮೊದಲ ಮಳೆ ಬಂತು.

ಆ ಮಧ್ಯಾಹ್ನ ಆಕಾಶ ಒಮ್ಮೆಲೇ ಕಪ್ಪಾಯಿತು. ಹೂ ಕಟ್ಟುವವರೆಲ್ಲ ಒಣಗಲು ಹಾಕಿದ ಬಟ್ಟೆ, ಹಪ್ಪಳ ಎಂದು ಮನೆಗೆ ಓಡಿದೆವು. ಕುಶಲಾ ಉಳಿದ ಮೊಗ್ಗಿನ ಬುಟ್ಟಿ ಎತ್ತಿಕೊಂಡು ಕೋಲ್ಡ್ ರೂಮಿಗೆ ನಡೆದಳು. ಚಪ್ಪಲಿ ಬಿಟ್ಟಳು, ಒಳಗೆ ಹೋದಳು, ತಂಪು ಹೊರಗೆ ಹೋಗದಿರಲಿ ಎಂದು ಬಾಗಿಲನ್ನು ಅರ್ಧ ಎಳೆದುಕೊಂಡಳು.

ಮಳೆ ಓರೆಯಾಗಿ ಬೀಸುತ್ತಿತ್ತು. ಹಿತ್ತಲಿನಿಂದ ಬಟ್ಟೆ ಬಾಚಿಕೊಂಡು ಬಂದ ವಾರಿಜಕ್ಕ, ಮೆಟ್ಟಿಲಲ್ಲಿ ಸೊಸೆಯ ಚಪ್ಪಲಿ ನೆನೆಯುತ್ತಿರುವುದನ್ನು ಕಂಡರು. ಅಯ್ಯೋ, ಹೊಸ ಚಪ್ಪಲ್ ಹಾಳಾಗ್ತದೆ ಎಂದು ಎರಡು ಬೆರಳಿಗೆ ಸಿಕ್ಕಿಸಿಕೊಂಡು ತಂದು ಜಗಲಿಯಲ್ಲಿ ಜೋಡಿಸಿಟ್ಟರು. ಸೊಸೆಯ ಮೇಲಿನ ಪ್ರೀತಿಯಿಂದಲೇ ಮಾಡಿದ್ದು. ಆಮೇಲೆ ಮಳೆಯ ಸದ್ದಿಗೆ, ಮಣ್ಣಿನ ವಾಸನೆಗೆ, ಚಾಪೆಯಲ್ಲಿ ತಲೆಯಿಟ್ಟವರಿಗೆ ಜೊಂಪು ಹತ್ತಿತು.

ಅಷ್ಟರಲ್ಲಿ ಕಟಪಾಡಿಗೆ ಹೊರಟ ಶೇಖರ ಬೈಕು ತೆಗೆಯಲು ಹಿಂದೆ ಬಂದ. ನೋಡುತ್ತಾನೆ, ಕೋಲ್ಡ್ ರೂಮಿನ ಬಾಗಿಲು ಅರ್ಧ ತೆರೆದಿದೆ. ಮೆಟ್ಟಿಲು ನೋಡಿದ. ಚಪ್ಪಲಿ ಇಲ್ಲ. “ಇವಳಿಗೆ ಎಷ್ಟು ಸಲ ಹೇಳುದು,” ಎಂದು ಗೊಣಗಿ ಬಾಗಿಲು ದೂಡಿದ, ಹಿಡಿ ಎಳೆದ, ಹೊರಗಿದ್ದ ಸ್ವಿಚ್ಚಿನಿಂದ ಒಳಗಿನ ಲೈಟು ಆರಿಸಿದ. ಬೈಕು ಹತ್ತಿ ಹೋದ.

ಒಳಗೆ ಆದದ್ದನ್ನು ಕುಶಲಾ ಆಮೇಲೆ ನನಗೊಬ್ಬಳಿಗೇ ಹೇಳಿದಳು.

ಒಳಮೂಲೆಯಲ್ಲಿ ಬಗ್ಗಿ ಬುಟ್ಟಿ ಇಡುತ್ತಿದ್ದವಳಿಗೆ ಮಳೆಯ ಸದ್ದಿನಲ್ಲಿ ಬಾಗಿಲು ಹಾಕಿದ್ದು ಕೇಳಲಿಲ್ಲ, ಮೊದಲು ಗೊತ್ತಾದದ್ದು ಕತ್ತಲೆ. ಕರೆಂಟು ಹೋಯಿತು ಎಂದುಕೊಂಡಳಂತೆ. ಆದರೆ ತಂಪು ಊದುವ ಫ್ಯಾನು ತಿರುಗುತ್ತಲೇ ಇತ್ತು. ತಡವರಿಸಿ ಬಂದು ಬಾಗಿಲು ದೂಡಿದಳು. ಕೂಗಿದಳು, ಬಡಿದಳು. ಅಷ್ಟು ದಪ್ಪದ ಬಾಗಿಲು, ಹೊರಗೆ ತಗಡಿನ ಮೇಲೆ ಮಳೆ. ಯಾರಿಗೆ ಕೇಳಬೇಕು? ಬಾಗಿಲ ಒಳಬದಿಯಲ್ಲಿ ಹಿಡಿಯಲು ಒಂದು ಮೊಳೆಯೂ ಇರಲಿಲ್ಲ. ಬೆವರಿಗೆ ಒದ್ದೆಯಾದ ಸೀರೆ ಮೈಗೆ ಅಂಟಿ ತಣ್ಣಗಾಯಿತು. ನೆಲದ ತಂಪು ಬರಿಗಾಲಿನಿಂದ ಮೇಲೆ ಹತ್ತುತ್ತಿತ್ತು. ಮೂಲೆಯಲ್ಲಿ ಮಡಚಿಟ್ಟಿದ್ದ ಗೋಣಿಚೀಲ ಹಾಸಿ ಕುಳಿತಳು, ಇನ್ನೊಂದನ್ನು ಹೊದ್ದಳು.

ಸುಮ್ಮನೆ ಕುಳಿತರೆ ಭಯ. ಅದಕ್ಕೆ ಬುಟ್ಟಿ ಮಡಿಲಿಗೆಳೆದು, ಅದರಲ್ಲೇ ಇದ್ದ ನಾರು ಹಿಡಿದು, ಕತ್ತಲಲ್ಲೇ ಹೂ ಕಟ್ಟತೊಡಗಿದಳು. ಬೆರಳಿಗೆ ಕಣ್ಣು ಬೇಡವಲ್ಲ. ಕಟ್ಟುತ್ತಾ ಕಟ್ಟುತ್ತಾ ಪರಿಮಳ ದಟ್ಟವಾಯಿತು. ತಾಯಿಯ ಮನೆಯ ಜಗಲಿ ಕಂಡಿತು. ತೀರಿಹೋದ ಅಮ್ಮ ಪಕ್ಕದಲ್ಲಿ ಕುಳಿತು ಮೊಗ್ಗು ಎತ್ತಿಕೊಡುತ್ತಿದ್ದರು. “ನಿದ್ದೆ ಬಂದ್ರೆ ಮಲಗು ಮಗಾ, ನಾನು ಕಟ್ತೇನೆ,” ಎಂದರಂತೆ. ಆ ಮಾತು ಎಷ್ಟು ಹಿತವಾಗಿತ್ತು ಅಕ್ಕಾ, ಎಂದಳು ಕುಶಲಾ. ನಡುಕ ನಿಂತಿತ್ತಂತೆ. ಬೆರಳಿಗೆ ನಾರು ಸಿಗುತ್ತಿರಲಿಲ್ಲ. ಗಂಟು ಬೀಳುತ್ತಿರಲಿಲ್ಲ. ಬೀಳದಿದ್ದರೂ ಬೇಸರವೇ ಆಗಲಿಲ್ಲವಂತೆ. ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ಅವಳು ಅಮ್ಮನ ಮಾತು ಕೇಳಿ ಮಲಗಿಬಿಡುತ್ತಿದ್ದಳು.

ಸಂಜೆಯಾಗುತ್ತಾ ಮಳೆ ಸಣ್ಣದಾಯಿತು. ನಾನು ಖಾಲಿ ಬುಟ್ಟಿ ಕೊಡಲು ಬಂದೆ. ಅದೇ ಹೊತ್ತಿಗೆ ಕೊಡೆ ಮಡಚುತ್ತಾ ರೋಸಿಯೂ ಬಂದಳು. ಮರುದಿನ ಅವರ ಇಗರ್ಜಿಯಲ್ಲಿ ಮಕ್ಕಳು ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ದಿನ, ಹೂ ಬೇಕಿತ್ತು.

“ಕುಶಲಾ ಎಲ್ಲಿ ವಾರಿಜಕ್ಕ?”

ವಾರಿಜಕ್ಕ ಕಣ್ಣುಜ್ಜಿಕೊಂಡು ಎದ್ದರು. “ಶೇಖರನ ಜೊತೆ ಬೈಕಿನಲ್ಲಿ ಹೋದಳು ಕಾಣ್ತದೆ.”

ರೋಸಿ ಕಾಲು ಒರೆಸಿಕೊಳ್ಳುತ್ತಾ ಕೆಳಗೆ ನೋಡಿದಳು. “ಈ ನೀಲಿ ಚಪ್ಪಲ್ ಅವಳದ್ದಲ್ವಾ? ಕಟಪಾಡಿಗೆ ಬರಿಗಾಲಲ್ಲಿ ಹೋದಳಾ?”

“ಅದು ನಾನೇ ತಂದಿಟ್ಟದ್ದು. ಮಳೆಗೆ ನೆನೀತಿತ್ತು.”

“ಎಲ್ಲಿಂದ ತಂದ್ರಿ?”

ವಾರಿಜಕ್ಕ ಹಿತ್ತಲ ಕಡೆಗೆ ತಿರುಗಿ ನೋಡಿದರು. ಅವರ ಮುಖ ನೋಡಿಯೇ ರೋಸಿ ಓಡಿದಳು, ನಾನೂ ಓಡಿದೆ.

ಬಾಗಿಲು ತೆರೆದಾಗ ಹಬೆ ಮುಖಕ್ಕೆ ಹೊಡೆಯಿತು. ಕುಶಲಾ ಗೋಣಿಯೊಳಗೆ ಮುದುಡಿ ಕುಳಿತಿದ್ದಳು. ಕೈಯಲ್ಲಿ ಗಂಟಿಲ್ಲದ ಹೂ. ಕರೆದರೆ ನಮ್ಮನ್ನು ನೋಡಿದಳು, ಆದರೆ ಗುರುತು ಹಿಡಿಯಲಿಲ್ಲ.

“ಕುಶಲಾ! ಏಯ್ ಕುಶಲಾ!” ನಾನು ಅವಳ ಕೈ ತಿಕ್ಕಲು ಹೋದೆ.

“ತಿಕ್ಕಬೇಡಿ ಅಕ್ಕಾ, ಒಲೆಯ ಹತ್ತಿರವೂ ಬೇಡ,” ಎಂದಳು ರೋಸಿ. “ಒದ್ದೆ ಸೀರೆ ತೆಗೀರಿ. ಒಣ ಕಂಬಳಿ ಸುತ್ತಿ ಹಿಡ್ಕೊಳ್ಳಿ. ಮೆಲ್ಲ, ಮೆಲ್ಲ. ಅಲುಗಾಡಿಸ್ಬೇಡಿ.”

ರಸ್ತೆಗೆ ಓಡಿ ರಿಕ್ಷಾ ತಂದವಳೂ ರೋಸಿಯೇ. ಉಡುಪಿಯವರೆಗೆ ನಾನು ಕುಶಲಾಳನ್ನು ಎದೆಗೆ ಒತ್ತಿಕೊಂಡು ಕುಳಿತೆ. ದಾರಿಯಲ್ಲಿ ಅವಳಿಗೆ ಮತ್ತೆ ನಡುಕ ಬಂತು. ನಡುಕ ಬಂದದ್ದು ಒಳ್ಳೆಯದಾಯಿತು, ಮೈ ತಾನೇ ಬಿಸಿಯಾಗಲು ನೋಡುತ್ತಿದೆ ಎಂದರು ಡಾಕ್ಟರು. ಆಸ್ಪತ್ರೆಯಲ್ಲಿ ಬಿಸಿ ಸಿಹಿ ಚಾ ಕುಡಿದ ಮೇಲೆ ಕುಶಲಾ, “ಅಕ್ಕಾ, ಹೂವಿನ ಬುಟ್ಟಿ ಮುಚ್ಚಿದ್ದೀರಾ?” ಎಂದು ಕೇಳಿದಳು. ನಾನು ಅಳುತ್ತಾ ನಗುತ್ತಾ, “ನಿನ್ನ ಹೂವಿಗೆ ಬೆಂಕಿ ಬೀಳ್ಲಿ ಮಾರಾಯ್ತಿ!” ಎಂದು ಬೈದೆ.

ಆಸ್ಪತ್ರೆಗೆ ಓಡಿ ಬಂದ ಶೇಖರ ಹಾಸಿಗೆಯ ಪಕ್ಕದಲ್ಲಿ ಕುಸಿದು ಕುಳಿತ. “ನಾನೇ ಮುಚ್ಚಿದ್ದು. ಚಪ್ಪಲ್ ಇರ್ಲಿಲ್ಲ ಕುಶಲಾ. ನಾನು ನೋಡಿದೆ, ಚಪ್ಪಲ್ ಇರ್ಲಿಲ್ಲ.” ಅದನ್ನೇ ಹೇಳುತ್ತಿದ್ದ. ಹಿಂದೆಯೇ ಬಂದ ವಾರಿಜಕ್ಕ ಹಣೆ ಚಚ್ಚಿಕೊಂಡರು. “ತೆಗೆದದ್ದು ನಾನು. ನನ್ನ ಕೈಯಾರೆ ನನ್ನ ಸೊಸೆಯನ್ನು ಕೊಲ್ತಿದ್ದೆ.”

“ಇಬ್ಬರೂ ಸುಮ್ಮನಿರಿ,” ಎಂದಳು ರೋಸಿ. “ಚಪ್ಪಲ್ ಎತ್ತಿಟ್ಟದ್ದು ತಪ್ಪಾ? ತೆರೆದ ಬಾಗಿಲು ಹಾಕಿದ್ದು ತಪ್ಪಾ? ಮನುಷ್ಯರಿಗೆ ಮರೆವು ಉಂಟು, ನಿದ್ದೆ ಉಂಟು, ಮಳೆ ಉಂಟು. ಅದಕ್ಕೇ ನಾನು ಹೇಳಿದ್ದು. ನಮ್ಮಿಂದ ತಪ್ಪಾದ ದಿನವೂ ಒಳಗಿದ್ದವರಿಗೆ ತೆರೆಯುವ ಬಾಗಿಲು ಬೇಕು.”

ಮನೆಗೆ ಬಂದ ಮೇಲೆ ವಾರಿಜಕ್ಕ ಆ ಕೋಣೆಯನ್ನು ಮಾರಿಬಿಡಿ ಎಂದು ಹಠ ಹಿಡಿದರು. ಯಂತ್ರ ನಿಂತಿತು. ಜಗಲಿಯಲ್ಲಿ ಹೂ ಮತ್ತೆ ಕಂದತೊಡಗಿತು. ಕುಶಲಾ ಹಿತ್ತಲ ಕಡೆಗೆ ಹೋಗುವುದನ್ನೇ ಬಿಟ್ಟಿದ್ದಳು. ಆದರೂ ಕೊನೆಗೆ ಅವಳೇ ಹೇಳಿದಳು: “ಮಾಮಿ, ಕೋಣೆಯದ್ದು ಎಂತ ತಪ್ಪು? ಬಾಗಿಲು ಸರಿ ಮಾಡಿಸಿ. ನಾನು ಹೋಗ್ತೇನೆ.”

ಮ್ಯಾಕ್ಸಿಮ್ ಬಂದ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ ಆಯಿತು, ನಿಜ. ಆದರೂ ತೋಡಿದರಲ್ಲ, ಅಷ್ಟೇ ಪುಣ್ಯ. ಬಾಗಿಲ ಒಳಗೆ ಕತ್ತಲಲ್ಲೂ ಮಿನುಗುವ, ಒತ್ತುವ ಹಸಿರು ಗುಂಡಿ ಬಂತು. ಹೊರಗೆ ಬೀಗವೇ ಬಿದ್ದಿರಲಿ, ಅಂಗೈಯಿಂದ ದೂಡಿದರೆ ಬಾಗಿಲು ತೆರೆಯಬೇಕು. ಒಳಗೊಂದು ಸ್ವಿಚ್ಚು ಬಂತು. ಕರೆಂಟಿಲ್ಲದಿದ್ದರೂ ಅಡುಗೆಮನೆಯಲ್ಲಿ ಸದ್ದು ಮಾಡುವ ಬ್ಯಾಟರಿ ಬೆಲ್ಲು ಬಂತು. ಒಳಗೆ ಹೋಗುವವರಿಗೆಂದೇ ಒಂದು ಶಾಲು, ತೊಳೆದಿಟ್ಟ ಒಂದು ಜೊತೆ ಚಪ್ಪಲಿಯೂ ಬಂದವು. ಹೂವಿನ ಕೋಣೆಗೆ ಚಪ್ಪಲಿ! ಅದನ್ನು ತಂದಿಟ್ಟವರು ವಾರಿಜಕ್ಕನೇ.

“ಮೊದಲು ನಾನು ನೋಡ್ತೇನೆ,” ಎಂದು ಶೇಖರ ಒಳಗೆ ಹೋದ. “ಬಾಗಿಲು ಹಾಕು ಕುಶಲಾ. ಬೀಗವೂ ಹಾಕು. ಲೈಟು ಆರಿಸು.”

ಕುಶಲಾ ಹಾಗೆಯೇ ಮಾಡಿದಳು. ನಾವೆಲ್ಲ ಹೊರಗೆ ನಿಂತೆವು. ಗುಂಡಿ ದೂಡಿದರೆ ಆಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ಬರಬೇಕಾದವನು ಬರಲಿಲ್ಲ. ಕುಶಲಾ ಬಾಗಿಲಿಗೆ ಕಿವಿ ಕೊಟ್ಟಳು. ಒಳಗಿನಿಂದ ಏನೂ ಕೇಳಲಿಲ್ಲ. ವಾರಿಜಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಮ್ಯಾಕ್ಸಿಮ್ ಬೀಗದ ಕೈ ತೆಗೆದ. ಅಷ್ಟರಲ್ಲಿ ಖಟ್ ಎಂದು ಬಾಗಿಲು ತೆರೆಯಿತು. ಶೇಖರ ಹೊರಗೆ ಬಂದ. ತುಟಿ ಬೆಳ್ಳಗಾಗಿತ್ತು, ಕಣ್ಣು ತುಂಬಿತ್ತು.

“ಎಂತ ಮಾಡ್ತಿದ್ರಿ ಇಷ್ಟು ಹೊತ್ತು? ಗುಂಡಿ ಸರಿ ಇಲ್ವಾ?” ಎಂದು ಕುಶಲಾ ರೇಗಿದಳು.

“ಸರಿ ಉಂಟು,” ಎಂದ ಶೇಖರ. “ನೀನು ಕೂತಷ್ಟು ಹೊತ್ತು ನಾನೂ ಕೂರ್ತೇನೆ ಅಂದ್ಕೊಂಡೆ. ನನ್ನಿಂದ ಆಗ್ಲಿಲ್ಲ ಕುಶಲಾ.”

ತಂಪು ಕೋಣೆ ಮಾಡಿಸಲು ಹೊರಟ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ಹೂವಿನ ವ್ಯಾಪಾರವಿರಬಹುದು, ಮೀನಿನದ್ದು, ಹಾಲಿನದ್ದು, ಹೋಟೆಲಿನದ್ದೂ ಇರಬಹುದು. ನಿಮ್ಮ ಸರಕಿಗೆ ಎಷ್ಟು ತಂಪು, ಎಷ್ಟು ಜಾಗ ಬೇಕೆಂದು ಬಲ್ಲವರನ್ನು ಕೇಳಿ ಕೋಣೆಯನ್ನು ನಿಮ್ಮ ಅಳತೆಗೇ ಮಾಡಿಸಿ. ಆದರೆ ಒಳಗೆ ಹೋಗುವುದು ಸರಕು ಮಾತ್ರವಲ್ಲ, ನಿಮ್ಮ ಮನೆಯವರು, ನಿಮ್ಮ ಕೆಲಸದವರು. ಒಳಗಿನ ಹಿಡಿ ಬೇಡ ಎನ್ನುವ ಯಜಮಾನರಿದ್ದರೆ ಮೊದಲು ಅವರನ್ನೇ ಒಳಗೆ ನಿಲ್ಲಿಸಿ, ಬಾಗಿಲು ಹಾಕಿ, ದೀಪ ಆರಿಸಿ. ಅವರು ತಾವಾಗಿ ಹೊರಗೆ ಬರಲು ಆಗದ ಕೋಣೆಯಲ್ಲಿ ಒಂದು ಮೊಗ್ಗನ್ನೂ ಇಡಬೇಡಿ.